ಹುಳುಕಡ್ಡಿಯ ಜಾಡು ಹಿಡಿದ ಸಬೂರೋ

ಕೂದಲು, ಉಗುರು, ಕೊಂಬು, ಗರಿಗಳಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ಅರಗಿಸಿಕೊಳ್ಳಬಲ್ಲ ಜೀವಿಗಳು ವಿರಳ. ಮಣ್ಣಿನ ಕೆಲವು ಶಿಲೀಂಧ್ರಗಳಿಗೆ ಅದೇ ಆಹಾರ. ಅದೇ ಬಳಗದ ಇನ್ನು ಕೆಲವು, ಪ್ರಾಣಿಗಳ ಮತ್ತು ಮನುಷ್ಯರ ಮೈಯನ್ನೇ ನೆಲೆಯಾಗಿಸಿಕೊಂಡು ಹುಳುಕಡ್ಡಿಗೆ ಕಾರಣವಾಗುತ್ತವೆ. ಹೆಸರಿನಲ್ಲಿ ಹುಳುವಿದೆಯೇ ಹೊರತು ರೋಗದಲ್ಲಿಲ್ಲ. ಈ ಬಳಗವನ್ನು ಕ್ರಮಬದ್ಧವಾಗಿ ವಿಂಗಡಿಸಿದವರು ಫ್ರಾನ್ಸಿನ ಚರ್ಮರೋಗ ತಜ್ಞ ರೇಮೋ ಸಬೂರೋ.

1864ರಲ್ಲಿ ನಾಂತ್ ನಗರದಲ್ಲಿ ಜನಿಸಿದ ಅವರ ಕಾರ್ಯಕ್ಷೇತ್ರ ಪ್ಯಾರಿಸ್ಸಿನ ಸ್ಯಾಂ ಲೂಯಿ ಆಸ್ಪತ್ರೆ. ತಲೆಯ ಹುಳುಕಡ್ಡಿ ತಗುಲಿದ ಮಕ್ಕಳನ್ನು ಶಾಲೆಗಳು ಹೊರಗಿಡುತ್ತಿದ್ದ ಕಾಲವದು. ಅಂಥವರಿಗೆಂದೇ ಆಸ್ಪತ್ರೆಯಲ್ಲಿ ಪ್ರತ್ಯೇಕ ಶಾಲೆಯಿತ್ತು. ಕೂದಲನ್ನು ಚಿಮಟದಿಂದ ಕೀಳುವುದೇ ಮುಖ್ಯ ಚಿಕಿತ್ಸೆ. ಗುಣವಾಗಲು ಎರಡು ವರ್ಷ ಹಿಡಿದರೂ ಅಚ್ಚರಿಯಿರಲಿಲ್ಲ.

ಈ ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಡೇವಿಡ್ ಗ್ರೂಬಿ 1840ರ ದಶಕದಲ್ಲೇ ಪ್ಯಾರಿಸ್ಸಿನಲ್ಲಿ ತೋರಿಸಿಕೊಟ್ಟಿದ್ದರು. ಅಲ್ಲಿನ ವೈದ್ಯರು ಅದನ್ನು ಕಡೆಗಣಿಸಿದರು. ಅರ್ಧ ಶತಮಾನದ ಬಳಿಕ ಸಬೂರೋ ಅವೇ ಶಿಲೀಂಧ್ರಗಳನ್ನು ಮತ್ತೆ ಗುರುತಿಸಿ, ಗ್ರೂಬಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಿದರು. ಆಹಾರ ಬದಲಾದಂತೆ ಒಂದೇ ಶಿಲೀಂಧ್ರದ ರೂಪವೂ ಬದಲಾಗುತ್ತದೆ. ಗೊಂದಲದ ಮೂಲ ಇದೇ ಎಂದು ಕಂಡುಕೊಂಡ ಅವರು, ಸಕ್ಕರೆ, ಪೆಪ್ಟೋನ್, ಅಗರ್ ಬೆರೆಸಿದ ಒಂದೇ ಮಾಧ್ಯಮದಲ್ಲಿ ಎಲ್ಲವನ್ನೂ ಬೆಳೆಸಿದರು. ಅದರ ಪರಿಷ್ಕೃತ ರೂಪವಾದ ಸಬೂರೋ ಅಗರ್ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. 1910ರಲ್ಲಿ ಅವರ ಬೃಹತ್ ಗ್ರಂಥ ಹೊರಬಂತು. ಬಿಡುವಿನಲ್ಲಿ ಅವರು ಶಿಲ್ಪಿಯೂ ಹೌದು.

1904ರಲ್ಲಿ ಸಬೂರೋ ಮತ್ತು ಸಹೋದ್ಯೋಗಿ ನ್ವಾರೆ ಎಕ್ಸ್-ರೇ ಚಿಕಿತ್ಸೆಯನ್ನು ರೂಢಿಗೆ ತಂದರು. ಕಿರಣದ ಪ್ರಮಾಣವನ್ನು ಬಣ್ಣ ಬದಲಿಸುವ ಬಿಲ್ಲೆಯಿಂದ ಅಳೆಯುತ್ತಿದ್ದರು. ಕೆಲವೇ ವಾರಗಳಲ್ಲಿ ಸೋಂಕಿನ ಕೂದಲು ತಾನಾಗಿ ಉದುರುತ್ತಿತ್ತು. ವರ್ಷಗಳ ಚಿಕಿತ್ಸೆ ತಿಂಗಳುಗಳಿಗೆ ಇಳಿಯಿತು. ಮಕ್ಕಳು ಶಾಲೆಗೆ ಮರಳಿದರು. ಆದರೆ ಈ ಯಶಸ್ಸಿನ ಬೆಲೆ ಬಹುಕಾಲ ಯಾರಿಗೂ ತಿಳಿಯಲಿಲ್ಲ. ಇಸ್ರೇಲ್‌ನಲ್ಲಿ ಬಾಲ್ಯದಲ್ಲಿ ಇಂಥ ಚಿಕಿತ್ಸೆ ಪಡೆದ ಸಾವಿರಾರು ಮಂದಿಯಲ್ಲಿ ತಲೆ, ಕುತ್ತಿಗೆಯ ಗೆಡ್ಡೆಗಳು ಹೆಚ್ಚಿರುವುದನ್ನು 1974ರ ಅಧ್ಯಯನವೊಂದು ತೋರಿಸಿತು. ಅಷ್ಟರಲ್ಲಿ, 1950ರ ದಶಕದ ಕೊನೆಯಲ್ಲಿ ಬಂದ ಗ್ರೀಸಿಯೋಫುಲ್ವಿನ್ ಮಾತ್ರೆ ಎಕ್ಸ್-ರೇಯನ್ನು ಬದಿಗೆ ಸರಿಸಿತ್ತು.

ಇದಾವುದನ್ನೂ ಸಬೂರೋ ಕಾಣಲಿಲ್ಲ. 1938ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ನಿಧನರಾದರು. ಮಣ್ಣಿನಲ್ಲಿ ಈ ಶಿಲೀಂಧ್ರಗಳನ್ನು ಹುಡುಕುವ ಸರಳ ದಾರಿಯೂ ಅನಂತರದ್ದೇ. 1952ರಲ್ಲಿ ಬೆಲ್ಜಿಯಂನ ರೇಮೋ ವಾನ್‌ಬ್ರೂಸೆಘೆಮ್ ಒದ್ದೆ ಮಣ್ಣಿನ ಮೇಲೆ ಕ್ರಿಮಿರಹಿತ ಕೂದಲು ಹರಡಿ ಕಾಯುವ ವಿಧಾನವನ್ನು ಪ್ರಕಟಿಸಿದರು. ಹಾಗೆ ದೊರೆಯುವವುಗಳಲ್ಲಿ, ತೋಟದ ಮಣ್ಣಿನಿಂದ ಬರಿಗೈಗೆ ಅಂಟಿ ಹುಳುಕಡ್ಡಿ ಎಬ್ಬಿಸಬಲ್ಲ ಮೈಕ್ರೋಸ್ಪೋರಮ್ ಜಿಪ್ಸಿಯಮ್ ಕೂಡ ಒಂದು.