ಓಥೋ ಕೈಸರನ ಅಂತ್ಯ

ನೀರೋ ಸತ್ತ ಬಳಿಕ ರೋಮಾಪುರದ ಸಿಂಹಾಸನವು ದಂಡಿನವರ ಕೈಗೆ ಬಿದ್ದಿತು. ಕ್ರಿ. ಶ. 69ನೆಯ ಒಂದೇ ವರುಷದಲ್ಲಿ ನಾಲ್ವರು ಕೈಸರರು ಆಳಿದರು. ಅವರಲ್ಲಿ ಎರಡನೆಯವನು ಓಥೋ. ಇವನು ಯೌವನವನ್ನು ನೀರೋವಿನ ಸಂಗಡ ಭೋಗದಲ್ಲಿ ಕಳೆದವನು. ಜನವರಿ 15ರಲ್ಲಿ ಕಾವಲು ದಂಡಿಗೆ ಹಣದಾಶೆ ತೋರಿಸಿ, ವೃದ್ಧನಾದ ಗಾಲ್ಬನನ್ನು ಕೊಲ್ಲಿಸಿ ಪಟ್ಟವೇರಿದನು. ಗಾಲ್ಬನ ತಲೆಯನ್ನು ಭರ್ಜಿಗೆ ಸಿಕ್ಕಿಸಿ ಮೆರೆಸಿದರು. ಇಂಥವನ ಮರಣವನ್ನು ನಾವು ಬರೆಯುವುದೇಕಂದರೆ, ಅವನ ಬಾಳಿಗೂ ಸಾವಿಗೂ ಹೋಲಿಕೆಯೇ ಇಲ್ಲ.

ಅಷ್ಟರೊಳಗೆ ರೈನ್ ನದೀತೀರದ ದಂಡುಗಳು ವಿಟೆಲ್ಲಿಯಸನನ್ನು ಕೈಸರನೆಂದು ಸಾರಿ ಇತಾಲ್ಯಕ್ಕೆ ಇಳಿದವು. ಏಪ್ರಿಲ್ 14ರಲ್ಲಿ ಬೆಡ್ರಿಯಾಕಮ್ ಎಂಬ ಊರಿನ ಕಡೆ ರೋಮಿನವರೇ ರೋಮಿನವರನ್ನು ಕಡಿದರು. ಓಥೋವಿನ ಪಕ್ಷ ಸೋತಿತು. ಅವನು ಯುದ್ಧರಂಗದಲ್ಲಿರದೆ ಬ್ರಿಕ್ಸೆಲ್ಲಮ್ ಎಂಬಲ್ಲಿ ವರ್ತಮಾನಕ್ಕಾಗಿ ಕಾದಿದ್ದನು. ಆದಾಗ್ಯೂ ಎಲ್ಲವೂ ಮುಗಿದಿರಲಿಲ್ಲ. ದಾನ್ಯೂಬ್ ಕಡೆಯ ದಂಡುಗಳು ಅವನ ಸಹಾಯಕ್ಕೆ ಬರುತ್ತಿದ್ದವು, ಸಿಪಾಯಿಗಳೂ ಇನ್ನೊಮ್ಮೆ ಕಾದಾಡುವೆವೆಂದು ಬೇಡಿಕೊಂಡರು. ತನ್ನೊಬ್ಬನಿಗೋಸ್ಕರ ಮತ್ತಷ್ಟು ರಕ್ತ ಸುರಿಯಬಾರದೆಂದು ಅವನು ಒಪ್ಪಲಿಲ್ಲ.

ತನ್ನ ಪಕ್ಷದವರಿಗೆ ಕೇಡಾಗದಂತೆ ಕಾಗದಗಳನ್ನು ಸುಟ್ಟನು. ಮಿತ್ರರಿಗೆ ದೋಣಿ ಬಂಡಿಗಳನ್ನು ಒದಗಿಸಿ ಕಳುಹಿಸಿಕೊಟ್ಟನು. ಅಳುತ್ತಿದ್ದ ಅಣ್ಣನ ಮಗನನ್ನು ಸಂತೈಸಿದನು. ರಾತ್ರಿ ತಣ್ಣೀರು ಕುಡಿದು, ಕಠಾರಿಯನ್ನು ತಲೆದಿಂಬಿನ ಕೆಳಗಿಟ್ಟು ಮಲಗಿ, ಬೆಳಗಾಗುವಾಗ ಅದರಿಂದಲೇ ಸತ್ತನು. ತನ್ನ ಪ್ರಾಣವನ್ನು ತಾನೇ ತೆಗೆದದ್ದನ್ನು ನಾವು ಮೆಚ್ಚಲಾರೆವು. ಮರುಗದೆ ಇರಲೂ ಆರೆವು. ಆಗ ಅವನಿಗೆ 37 ವರುಷ ಇನ್ನೂ ತುಂಬಿರಲಿಲ್ಲ. ಆಳಿದ್ದು ಮೂರೇ ತಿಂಗಳು.

ಅವನು ನಿಲ್ಲಿಸಬಯಸಿದ ಯುದ್ಧವು ಅದೇ ವರುಷ ಅಕ್ಟೋಬರದಲ್ಲಿ ಅದೇ ಸೀಮೆಯಲ್ಲಿ ಮತ್ತೆ ಹೊತ್ತಿತು. ದಶಂಬರದಲ್ಲಿ ವಿಟೆಲ್ಲಿಯಸನೂ ಹತನಾದನು.

ಓಥೋವಿನ ಶವವನ್ನು ಸಿಪಾಯಿಗಳು ತಡಮಾಡದೆ ಸುಟ್ಟರು. ಶತ್ರುಗಳು ತನ್ನ ತಲೆಯನ್ನು ಕಡಿಯಬಾರದೆಂದು ಅವನೇ ಬಹಳವಾಗಿ ಬೇಡಿಕೊಂಡಿದ್ದನು.