ಪಂಡಿತಾ ರಮಾಬಾಯಿಯವರ ಚರಿತ್ರೆ

ಪುಣೆಯ ಸಮೀಪದ ಕೇಡಗಾಂವಿನಲ್ಲಿರುವ ಮುಕ್ತಿ ಮಿಶನ್ನಿನ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಅದನ್ನು ಸ್ಥಾಪಿಸಿದ ಪಂಡಿತಾ ರಮಾಬಾಯಿಯವರು ನಮ್ಮ ಸೀಮೆಯ ಕಾಡಿನಲ್ಲಿಯೇ ಹುಟ್ಟಿದವರೆಂಬದು ಎಲ್ಲರಿಗೂ ತಿಳಿದಿರಲಿಕ್ಕಿಲ್ಲ.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಅನಂತ ಶಾಸ್ತ್ರಿ ಡೋಂಗ್ರೆ ಎಂಬ ಬ್ರಾಹ್ಮಣರು ವಾಸಮಾಡುತ್ತಾ ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಸ್ತ್ರೀಗೂ ಶೂದ್ರನಿಗೂ ಆ ವಿದ್ಯೆ ಸಲ್ಲದೆಂಬ ಕಾಲವದು. ಆದದರಿಂದ ಅವರು ಉಡುಪಿಯ ಪಂಡಿತರ ಸಭೆಯ ಮುಂದೆ ನಿಂತು, ಶಾಸ್ತ್ರಾಧಾರಗಳನ್ನು ತೋರಿಸಿ ಉತ್ತರ ಕೊಡಬೇಕಾಯಿತು. ಆದರೂ ವೇದವನ್ನು ಅವರು ಸಹ ಸ್ತ್ರೀಯರಿಗೆ ಕಲಿಸಲಿಲ್ಲ. ಬೇಲಿಯನ್ನು ಸರಿಸುವವರು ಅದನ್ನು ಪೂರಾ ಕೀಳುವದು ಅಪರೂಪ. ಇವರ ಮಗಳಾಗಿ ರಮಾಬಾಯಿಯವರು ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ಹುಟ್ಟಿ, ತಾಯಿಯಿಂದಲೇ ಪಾಠ ಕಲಿತರು.

ಕುಟುಂಬವು ಬಡತನಕ್ಕೆ ಬಿದ್ದು ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದುತ್ತಾ ಅಲೆಯಿತು. ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ತಾಯಿಯ ಹೆಣ ಹೊರಲು ಜನ ಸಾಲದ್ದರಿಂದ ಮಗಳೇ ಚಟ್ಟದ ಒಂದು ಕಡೆಯನ್ನು ಹೊರಬೇಕಾಯಿತು. ಎತ್ತರ ಸಾಲದೆ ಅದನ್ನು ತಲೆಯ ಮೇಲೆ ಹೊತ್ತರು.

೧೮೭೮ರಲ್ಲಿ ಅಣ್ಣನೊಂದಿಗೆ ಕಲಕತ್ತೆ ಸೇರಿದಾಗ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ೧೮೮೦ರಲ್ಲಿ ಅವರು ಬಿಪಿನ ಬಿಹಾರಿ ದಾಸ ಮೇಧಾವಿ ಎಂಬ ಅನ್ಯಜಾತಿಯ ಬಂಗಾಳಿ ವಕೀಲರನ್ನು ಮದುವೆಯಾದರು. ಎರಡು ವರುಷ ತುಂಬುವ ಮೊದಲೇ ಗಂಡನು ತೀರಿಕೊಂಡನು. ಮನೋರಮೆಯೆಂಬ ಎಳೆಗೂಸು ಮಡಿಲಲ್ಲಿತ್ತು. ಆಗ ಮೇಲ್ಜಾತಿಗಳಲ್ಲಿ ವಿಧವೆಯ ಬಾಳು ಎಂಥದಾಗಿತ್ತೆಂದು ಹಳ್ಳಿಯವರಾದ ನಮಗೆ ಹೇಳಬೇಕಾಗಿಲ್ಲ: ತಲೆ ಬೋಳಿಸುತ್ತಿದ್ದರು, ಒಪ್ಪೊತ್ತಿನ ಊಟವಿತ್ತು, ಮಂಗಳಕಾರ್ಯಕ್ಕೆ ಎದುರು ಬಂದರೆ ಬೈಗಳು ಸಿಗುತ್ತಿದ್ದವು. ಎಂಟು ಹತ್ತು ವರುಷದ ಹುಡುಗಿಯರಿಗೂ ಇದೇ ಗತಿಯಾಗಿತ್ತು.

ರಮಾಬಾಯಿಯವರು ೧೮೮೩ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ದೀಕ್ಷಾಸ್ನಾನ ಹೊಂದಿದರು. ಬಳಿಕ ಅಮೆರಿಕದಲ್ಲಿ ಸಹಾಯ ಕೂಡಿಸಿ, ೧೮೮೯ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪುಣೆಗೆ ಹೋಯಿತು. ಅಲ್ಲಿ ಹುಡುಗಿಯರು ತಮ್ಮ ಜಾತಿಯ ಕಟ್ಟಳೆಯನ್ನು ನಡಿಸಲಿಕ್ಕೆ ಅಡ್ಡಿಯಿರಲಿಲ್ಲ. ಆದರೂ ಕೆಲವರು ಬಾಯಿಯವರ ಪ್ರಾರ್ಥನೆಗೆ ಬರತೊಡಗಿದ್ದರಿಂದ ೧೮೯೩ರಲ್ಲಿ ದೊಡ್ಡ ಗದ್ದಲವೆದ್ದು, ಅನೇಕರನ್ನು ಮನೆಯವರು ಕರಕೊಂಡು ಹೋದರು.

೧೮೯೬-೯೭ರ ಘೋರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋದರು. ತಾವು ಚಿಕ್ಕಂದಿನಲ್ಲಿ ಅನುಭವಿಸಿದ್ದ ಹಸಿವೆಯೇ ಅವರನ್ನು ಎಬ್ಬಿಸಿತೆಂದು ನಾವು ಎಣಿಸುತ್ತೇವೆ. ಸುಮಾರು ೩೦೦ ಮಂದಿ ಹುಡುಗಿಯರೂ ಸ್ತ್ರೀಯರೂ ಕೇಡಗಾಂವಿಗೆ ಬಂದರು. ಇವರ ಜಾತಿಯನ್ನು ಯಾರೂ ವಿಚಾರಿಸಲಿಲ್ಲ. ಬ್ರಾಹ್ಮಣ ವಿಧವೆಯರಿಗಾಗಿ ತೊಡಗಿದ ಕೆಲಸವು ಹೀಗೆ ಎಲ್ಲರದ್ದಾಯಿತು. ಕರ್ತನ ಮೇಜಿಗೆ ಕೂಡಿ ಬಂದು, ಮದುವೆಯೂಟಕ್ಕೆ ಪೂರ್ವದ ಕುಲ ನೋಡಿ ಎಲೆ ಹಾಕುವ ಮನೆಗಳು ನಮ್ಮ ಸಭೆಗಳಲ್ಲಿ ಇನ್ನೂ ಇರುವದರಿಂದ ಇದನ್ನು ಒತ್ತಿ ಬರೆದಿದ್ದೇವೆ.

ಕಡೆಯ ವರುಷಗಳಲ್ಲಿ ಅವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಓದುಬಾರದ ಹೆಂಗಸರೂ ಕೇಳಿ ತಿಳಿಯುವಂತೆ ಸತ್ಯವೇದವನ್ನು ಸುಲಭ ಮರಾಠಿಗೆ ತಿರುಗಿಸಿದರು. ೧೯೨೧ರಲ್ಲಿ ಮನೋರಮೆಯು ತೀರಿಕೊಂಡಳು. ೧೯೨೨ನೆಯ ಏಪ್ರಿಲ್ ೫ರಂದು ತಾಯಿಯೂ ಕರ್ತನಲ್ಲಿ ನಿದ್ರೆಹೋದರು. ಸಂಪೂರ್ಣ ಗ್ರಂಥವು ೧೯೨೪ರಲ್ಲಿ ಮುಕ್ತಿಯ ಅಚ್ಚುಕೂಟದಿಂದಲೇ ಹೊರಬಂತು. ಅಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸವನ್ನು ಕಲಿತಿದ್ದವರು ಅದೇ ಆಶ್ರಮದ ಹೆಣ್ಣುಮಕ್ಕಳು.