ಕರಿಮಣ್ಣಿನ ಹೆಸರಿನ ಸಂಧಾನಕಾರ

ನಮ್ಮ ಭೂಸನೂರಿನ ಸುತ್ತಣ ನೆಲ ಎರೆಭೂಮಿ. ಮಳೆ ಬಿದ್ದರೆ ಕಾಲಿಗಂಟಿ ಹೆಜ್ಜೆ ಕೀಳಗೊಡದ, ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಾಯಿಬಿಡುವ ಈ ಕರಿಮಣ್ಣಿನಲ್ಲಿ ಜೋಳ, ತೊಗರಿಗಳು ಏಳುವುದನ್ನು ನೋಡುತ್ತ ಬೆಳೆದವನು ನಾನು. ಯುರೋಪಿನ ಇತಿಹಾಸವನ್ನೋದುವಾಗ ಒಂದು ಹೆಸರು ಕಣ್ಣಿಗೆ ಬಿದ್ದು ತಟ್ಟನೆ ಆತ್ಮೀಯವೆನಿಸಿತು. ಜರ್ಮನಿಯ ಮಹಾಪಂಡಿತ ಫಿಲಿಪ್ ಮೆಲಾಂಕ್ಟನ್ನನ ಮನೆತನದ ಹೆಸರು ಶ್ವಾರ್ಟ್ಸೆರ್ಡ್. ಎಂದರೆ ಕರಿಯ ಮಣ್ಣು. ತಾಯಿಯ ಕಡೆಯ ಹಿರಿಯ ಬಂಧುವೂ ಹೀಬ್ರೂ ವಿದ್ವಾಂಸನೂ ಆದ ರೋಯ್ಖ್ಲಿನ್, ಹುಡುಗನ ಬುದ್ಧಿಗೆ ಮೆಚ್ಚಿ ಆ ಹೆಸರನ್ನೇ ಗ್ರೀಕಿಗೆ ತಿರುಗಿಸಿ ಮೆಲಾಂಕ್ಟನ್ ಎಂದು ಕರೆದನು. ಮಾತು ಬದಲಾಯಿತು, ಮಣ್ಣು ಬದಲಾಗಲಿಲ್ಲ.

1497ರ ಫೆಬ್ರುವರಿ 16ರಂದು ಬ್ರೆಟ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಆತನ ಜನನ. ತಂದೆ ಆಯುಧ, ಕವಚಗಳನ್ನು ಮಾಡುವ ಕುಶಲ ಕಮ್ಮಾರ. ಹನ್ನೊಂದನೆಯ ವಯಸ್ಸಿಗೆ ಬಾಲಕನು ತಂದೆಯನ್ನು ಕಳೆದುಕೊಂಡನು. ಹೈಡಲ್‌ಬರ್ಗಿನಲ್ಲಿ, ಅನಂತರ ಟ್ಯೂಬಿಂಗನ್ನಿನಲ್ಲಿ ವ್ಯಾಸಂಗ. ಕನ್ನಡಿಗರಿಗೆ ಟ್ಯೂಬಿಂಗನ್ ಅಪರಿಚಿತ ಊರಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್ ಕಲಿತದ್ದು ಅಲ್ಲಿ, ನಮಗೆ ನಿಘಂಟನ್ನಿತ್ತ ಕಿಟ್ಟೆಲ್ 1903ರಲ್ಲಿ ಕಣ್ಮುಚ್ಚಿದ್ದೂ ಅಲ್ಲಿಯೇ.

1518ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಮೆಲಾಂಕ್ಟನ್ ವಿಟೆನ್‌ಬರ್ಗಿನ ವಿದ್ಯಾಪೀಠಕ್ಕೆ ಗ್ರೀಕ್ ಅಧ್ಯಾಪಕನಾಗಿ ಬಂದನು. ಅಲ್ಲಿ ಮಾರ್ಟಿನ್ ಲೂಥರನು ಹಿಂದಿನ ವರ್ಷವಷ್ಟೇ ರೋಮಿನ ಪಾಪಪರಿಹಾರ ಪತ್ರಗಳ ವಿರುದ್ಧ ದನಿಯೆತ್ತಿದ್ದನು. ಒಬ್ಬನು ಸಿಡಿಲು, ಇನ್ನೊಬ್ಬನು ದೀಪ. ಲೂಥರನ ಆವೇಶಕ್ಕೆ ಶಾಸ್ತ್ರದ ಚೌಕಟ್ಟನ್ನು ಒದಗಿಸಿದವನು ಈ ಕೃಶಕಾಯದ ಮೇಷ್ಟರು. 1521ರಲ್ಲಿ ಆತ ಬರೆದ ಗ್ರಂಥವೇ ಆ ಪಂಥದ ಮೊದಲ ಕ್ರಮಬದ್ಧ ಸಿದ್ಧಾಂತ ನಿರೂಪಣೆ. ಶಾಲೆಗಳನ್ನು ಕಟ್ಟಿ, ಪಠ್ಯಗಳನ್ನು ಬರೆದು, ಜರ್ಮನಿಯ ಗುರು ಎಂಬ ಬಿರುದನ್ನೂ ಪಡೆದನು.

ವಿವಾದದ ತಿರುಳೇನು? ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಹೇಗೆಂಬುದು. ಕೇವಲ ನಂಬಿಕೆಯಿಂದ, ಕ್ರಿಸ್ತನ ಪುಣ್ಯವೇ ಅವನದೆಂದು ಎಣಿಸಲ್ಪಡುವುದರಿಂದ ಎಂದರು ಲೂಥರನ ಕಡೆಯವರು. ಕೃಪೆಯೇ ಮೊದಲು ನಿಜ, ಆದರೆ ಅದು ಒಳಗನ್ನು ಮಾರ್ಪಡಿಸುತ್ತದೆ, ಮನುಷ್ಯನೂ ಅದರೊಡನೆ ಸಹಕರಿಸಬೇಕು ಎಂದರು ರೋಮಿನವರು. ನಮ್ಮ ಶ್ರೀವೈಷ್ಣವರಲ್ಲಿಯೂ ಇದನ್ನು ಹೋಲುವ ಚರ್ಚೆಯುಂಟು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡೊಯ್ಯುತ್ತದೆ. ಕೋತಿಯ ಮರಿಯಾದರೋ ತಾಯಿಯನ್ನು ತಾನೂ ಅಪ್ಪಿಕೊಳ್ಳಬೇಕು. ಎರಡೂ ಕಡೆ ಹೊರುವುದು ತಾಯಿಯೇ ಎಂಬುದನ್ನು ಮಾತ್ರ ವಾದಿಗಳು ಮರೆಯುತ್ತಾರೆ.

1530ರ ಜೂನ್ 25ರಂದು ಆಗ್ಸ್‌ಬರ್ಗಿನಲ್ಲಿ, ಚಕ್ರವರ್ತಿ ಐದನೆಯ ಚಾರ್ಲ್ಸನ ಸಮ್ಮುಖದಲ್ಲಿ, ಲೂಥರನ ಪಕ್ಷದ ವಿಶ್ವಾಸಪತ್ರವನ್ನು ಓದಲಾಯಿತು. ಬಹಿಷ್ಕೃತನಾದ ಲೂಥರನು ಅಲ್ಲಿಗೆ ಬರುವಂತಿರಲಿಲ್ಲ. ಇಪ್ಪತ್ತೆಂಟು ಪ್ರಕರಣಗಳ ಆ ಪತ್ರವನ್ನು ಬರೆದವನು ಮೆಲಾಂಕ್ಟನ್. ಹಳೆಯ ಸಭೆಯನ್ನು ಒಡೆಯುವುದು ತಮ್ಮ ಉದ್ದೇಶವಲ್ಲವೆಂದು ತೋರಿಸಲು ಆತ ಪ್ರತಿ ಪದವನ್ನೂ ತೂಗಿದ್ದನು. ಸ್ವಪಕ್ಷದ ಕೆಲವರಿಗೆ ಆ ಮೃದುತ್ವವೇ ಹಿಡಿಸಲಿಲ್ಲ.

1541ರ ರೇಗನ್ಸ್‌ಬರ್ಗ್ ಸಂಧಾನವು ಆತನ ಜೀವನದ ಮಹಾಘಟ್ಟ. ಒಂದು ಕಡೆ ಮೆಲಾಂಕ್ಟನ್, ಬುಟ್ಸರ್, ಪಿಸ್ಟೋರಿಯಸ್. ಇನ್ನೊಂದು ಕಡೆ ಎಕ್, ಗ್ರೋಪ್ಪರ್, ಪ್ಫ್ಲೂಗ್. ಪೋಪರ ಪ್ರತಿನಿಧಿಯಾಗಿ ಬಂದ ಕಾರ್ಡಿನಲ್ ಕೊಂತಾರಿನಿ ಮನಸಾರೆ ಶಾಂತಿಯನ್ನು ಬಯಸಿದವನು. ಆಗ್ಸ್‌ಬರ್ಗಿನ ಪತ್ರದಿಂದ ಕದಲಕೂಡದೆಂದು ಮೆಲಾಂಕ್ಟನ್ನನಿಗೆ ತನ್ನ ಪ್ರಭುವಿನ ಕಟ್ಟಪ್ಪಣೆ. ಆದರೂ ಮೇ ತಿಂಗಳ ಆರಂಭದಲ್ಲಿ, ಮುಕ್ತಿಯ ಪ್ರಕರಣದ ಮೇಲೆಯೇ ಒಪ್ಪಂದವಾಯಿತು. ಪ್ರೀತಿಯಲ್ಲಿ ಕ್ರಿಯಾಶೀಲವಾದ ಜೀವಂತ ನಂಬಿಕೆ ಎಂಬ ಭಾವದಲ್ಲಿ ಇಬ್ಬರೂ ಕೂಡಿದರು. ಲೂಥರನಿಗೆ ಅದು ತೇಪೆಯ ಬಟ್ಟೆಯಾಗಿ ಕಂಡಿತು. ರೋಮ್ ಅದನ್ನು ಒಪ್ಪಲಿಲ್ಲ. ಪ್ರಭುಭೋಜನದ ರೊಟ್ಟಿ, ಪೋಪರ ಅಧಿಕಾರ ಮುಂತಾದ ವಿಷಯಗಳಲ್ಲಿ ಮಾತು ಮುರಿದು, ಬೇಸಗೆ ಮುಗಿಯುವ ಮೊದಲೇ ಎಲ್ಲರೂ ಬರಿಗೈಯಲ್ಲಿ ಹಿಂದಿರುಗಿದರು.

ಇಲ್ಲಿ ನನ್ನದೊಂದು ಸಣ್ಣ ಅನುಭವವನ್ನು ಹೇಳಬೇಕು. ಹೊಲದ ಬದುವಿಗಾಗಿ ಮುನಿದ ಅಣ್ಣತಮ್ಮಂದಿರಿಬ್ಬರ ರಾಜಿಪತ್ರವನ್ನು ಬರೆಯಲು, ಮೇಷ್ಟರೆಂಬ ಕಾರಣಕ್ಕೆ, ಒಮ್ಮೆ ನನ್ನನ್ನು ಕೂರಿಸಿದರು. ಜಾಣತನದಿಂದ ನಾನು ಇಬ್ಬರಿಗೂ ಹಿಡಿಸುವ ಮಾತನ್ನು ಹುಡುಕಿ ಬರೆದೆ. ಇಬ್ಬರೂ ಹೆಬ್ಬೆಟ್ಟೊತ್ತಿ ನಗುನಗುತ್ತ ಹೋದರು. ಮುಂದಿನ ಬಿತ್ತನೆಯ ಹೊತ್ತಿಗೆ ಅದೇ ಪತ್ರವನ್ನು ಹಿಡಿದು, ತಲೆಗೊಂದರ್ಥ ಹೇಳುತ್ತ, ಮತ್ತೆ ನನ್ನ ಕಟ್ಟೆಗೇ ಬಂದರು. ಒಡಕನ್ನು ಮುಚ್ಚುವ ಮಾತು ಒಡಕನ್ನು ಕೂಡಿಸುವುದಿಲ್ಲವೆಂದು ಆಗ ತಿಳಿಯಿತು.

ಮೆಲಾಂಕ್ಟನ್ನನ ಉಳಿದ ಬಾಳು ಈ ಪಾಠದ ಕಹಿಯನ್ನು ಉಂಡದ್ದೇ. 1546ರಲ್ಲಿ ಲೂಥರ್ ತೀರಿಕೊಂಡನು. 1547ರ ಜನವರಿಯಲ್ಲಿ ಟ್ರೆಂಟಿನ ಮಹಾಸಭೆಯು ಮುಕ್ತಿಯ ವಿಷಯದಲ್ಲಿ ರೋಮಿನ ನಿಲುವನ್ನು ಶಾಸನಬದ್ಧಗೊಳಿಸಿತು. ಅದೇ ವರ್ಷ ಲೂಥರನ ಪಕ್ಷದ ಅರಸರು ಯುದ್ಧದಲ್ಲಿ ಸೋತರು. ಗೆದ್ದವರು ಹೇರಿದ ಹಳೆಯ ಆಚಾರಗಳಲ್ಲಿ ತಿರುಳಿಗೆ ಸೇರದವನ್ನು ಸಹಿಸಿಕೊಳ್ಳಬಹುದೆಂದ ಮೆಲಾಂಕ್ಟನ್ನನನ್ನು ಸ್ವಂತ ಶಿಷ್ಯ ಫ್ಲಾಸಿಯಸ್ಸನೇ ದ್ರೋಹಿಯಂತೆ ಜರೆದನು. 1557ರಲ್ಲಿ ವರ್ಮ್ಸಿನ ಮತ್ತೊಂದು ಸಂವಾದಕ್ಕೆ ಹೋಗಿದ್ದಾಗ ಮನೆಯಲ್ಲಿ ಹೆಂಡತಿ ಕಾಥರೀನಾ ತೀರಿಕೊಂಡಳು; ಸಂವಾದವೂ ಮುರಿಯಿತು.

ಆತನನ್ನು ಶಾಂತಿಯ ಮೂರ್ತಿಯೆಂದು ಪೂಜಿಸುವುದೂ ಸಲ್ಲದು. ಮರುದೀಕ್ಷಾವಾದಿಗಳಿಗೆ ಮರಣದಂಡನೆಯನ್ನು ಆತ ಸಮರ್ಥಿಸಿದನು. ಜಿನೀವಾದಲ್ಲಿ ಸರ್ವೇಟಸ್ಸನನ್ನು ಸುಟ್ಟದ್ದನ್ನು ಮೆಚ್ಚಿದನು. ದೊಡ್ಡವರೊಡನೆ ಸಂಧಾನ, ಚಿಕ್ಕವರಿಗೆ ದಂಡನೆ: ಆ ಕಾಲದ ಈ ಕುರುಡು ಆತನ ಕಣ್ಣಿಗೂ ಅಂಟಿತ್ತು.

1560ರ ಏಪ್ರಿಲ್ 19ರಂದು ಆತ ತೀರಿಕೊಂಡನು. ಸಾವಿಗೆ ಅಂಜಬಾರದೇಕೆಂದು ಕೊನೆಯ ದಿನಗಳಲ್ಲಿ ಆತ ಪಟ್ಟಿಮಾಡಿದ ಕಾರಣಗಳಲ್ಲಿ, ದೇವಶಾಸ್ತ್ರಿಗಳ ಉನ್ಮಾದದಿಂದ ಬಿಡುಗಡೆ ದೊರೆಯುತ್ತದೆಂಬುದೂ ಒಂದು. ಲೂಥರನ ಸಮಾಧಿಯಿರುವ ವಿಟೆನ್‌ಬರ್ಗಿನ ಕೋಟೆಯ ದೇವಾಲಯದಲ್ಲಿಯೇ ಆತನೂ ಮಣ್ಣಾದನು.

ನಾಲ್ಕೂವರೆ ಶತಮಾನಗಳ ಬಳಿಕ, 1999ರ ಅಕ್ಟೋಬರ್ 31ರಂದು, ಅದೇ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಮುಕ್ತಿಯ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರೂ, 2017ರಲ್ಲಿ ಸುಧಾರಿತ ಸಭೆಗಳ ವಿಶ್ವ ಒಕ್ಕೂಟವೂ ಜೊತೆಗೂಡಿದವು. ಈ ಪತ್ರದ ಹೆಚ್ಚುಗಾರಿಕೆ ಸವಿಮಾತಿನಲ್ಲಿಲ್ಲ. ಕೂಡಿ ನಂಬುವುದನ್ನು ಮೊದಲು ಹೇಳಿ, ಇನ್ನೂ ಉಳಿದ ಭೇದಗಳನ್ನು ಇಬ್ಬರೂ ತಂತಮ್ಮ ಮಾತಿನಲ್ಲಿ ಬಿಚ್ಚಿಟ್ಟು, ಹೀಗೆ ವಿವರಿಸಿದ ಬೋಧನೆಗೆ ಹಿಂದಿನ ಶಾಪಗಳು ತಗುಲುವುದಿಲ್ಲವೆಂದು ಅದು ಸಾರುತ್ತದೆ. ಎಲ್ಲ ಮುಗಿಯಿತೆಂದೇನೂ ಅಲ್ಲ. ಪ್ರಭುಭೋಜನದ ಪಂಕ್ತಿ ಇನ್ನೂ ಒಂದಾಗಿಲ್ಲ.

ಅಣ್ಣತಮ್ಮಂದಿರ ಎರಡನೆಯ ಪತ್ರವನ್ನು ನಾನು ಬೇರೆ ರೀತಿಯಲ್ಲಿ ಬರೆದೆ. ಒಪ್ಪಿದ್ದನ್ನು ಒಂದು ಕಡೆ, ಒಪ್ಪದ್ದನ್ನು ಇನ್ನೊಂದು ಕಡೆ, ಹೆಸರು ಹಿಡಿದು ಬರೆದೆ. ಈ ಸಲ ಯಾರೂ ನಗಲಿಲ್ಲ. ಆದರೆ ಆ ಬದುವಿನ ಮೇಲೆ ಈಗ ಇಬ್ಬರ ಎತ್ತುಗಳೂ ನಡೆದಾಡುತ್ತಿವೆ.